ರೈಜನ್ 5 5600 ಪ್ರೊಸೆಸರ್: ಸುಮ್ನೆ ಇದ್ದಾಗಲೇ ರೀಸ್ಟಾರ್ಟ್ ಆಗುತ್ತೆ, ಯಾಕೆ?

ರಾಯಚೂರು ಬಿಸಿಲು:
ನಮ್ಮೂರ ಬೇಸಿಗೆ ಗೊತ್ತಲ್ವಾ. ಬಿಸಿ ತಗ್ಗಲಿ ಅಂತ, ವೋಲ್ಟೇಜ್ ಇಳಿಸೋ ಸೆಟ್ಟಿಂಗ್ ಆದ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲಾ ಕೋರ್‌ಗೂ ಮೈನಸ್ 30 ಕೊಟ್ಟಿದ್ದೇನೆ. ರ‍್ಯಾಮ್ ಡಿಡಿಆರ್4, ವೇಗ ಹೆಚ್ಚಿಸೋ ರೆಡಿ ಸೆಟ್ಟಿಂಗ್ ಎಕ್ಸ್‌ಎಂಪಿಯಲ್ಲಿ 3600. ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡೋ ಸಿನಿಬೆಂಚ್ ಟೆಸ್ಟ್ ಗಂಟೆಗಟ್ಟಲೆ ಓಡಿದರೂ ಏನೂ ಆಗಲ್ಲ. ಬ್ರೌಸರ್ ತೆರೆದಿಟ್ಟು ಚಹಾಕ್ಕೆ ಎದ್ದರೆ ಫಟ್ ಅಂತ ರೀಸ್ಟಾರ್ಟ್! ತೊಂದರೆ ರ‍್ಯಾಮ್‌ದಾ, ವೋಲ್ಟೇಜ್‌ದಾ?

ಬಳ್ಳಾರಿ ಸಿಸ್ಟಮ್:
ವೋಲ್ಟೇಜ್‌ದೇ ಅನ್ಸುತ್ತೆ ಅಣ್ಣ. ಪೂರ್ತಿ ಲೋಡ್‌ನಲ್ಲಿ ಕ್ಲಾಕ್ ಸ್ವಲ್ಪ ಇಳಿದಿರುತ್ತೆ. ಹಗುರ ಕೆಲಸದಲ್ಲಿ ಒಂದೇ ಕೋರ್ 4.4 ಗಿಗಾಹರ್ಟ್ಸ್‌ಗೆ ಜಿಗಿಯುತ್ತೆ, ಆಗ ಅದಕ್ಕೆ ವೋಲ್ಟೇಜ್ ಸಾಲಲ್ಲ. ಇವೆಂಟ್ ವ್ಯೂವರ್‌ನಲ್ಲಿ ವೀಯಾ ಲಾಗರ್ (WHEA-Logger, ಹಾರ್ಡ್‌ವೇರ್ ದೋಷದ ದಾಖಲೆ) ಎರರ್ 18 ಇದೆಯಾ ನೋಡಿ. ಅದರೊಳಗೆ ಎಪಿಐಸಿ ಐಡಿ, ಅಂದ್ರೆ ತೊಂದರೆ ಎಲ್ಲಾಯ್ತು ಅಂತ ಹೇಳೋ ನಂಬರ್, ಇರುತ್ತೆ. ಸಾಮಾನ್ಯವಾಗಿ 4 ಅಥವಾ 5 ಅಂದ್ರೆ ಕೋರ್ 2 (ಎಣಿಕೆ ಸೊನ್ನೆಯಿಂದ). ಆ ಕೋರ್ ಒಂದನ್ನೇ ಮೈನಸ್ 10ಕ್ಕೆ ತನ್ನಿ. ಎಲ್ಲಾ ಕೋರ್‌ಗೂ ಮೈನಸ್ 30 ಅನ್ನೋದು ಯೂಟ್ಯೂಬ್ ಹುಚ್ಚು.

ಗಂಗಾವತಿ:
ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲಾಂದ್ರೆ ಯಾವುದು ಕೈಕೊಟ್ಟಿತು ಗೊತ್ತಾಗಲ್ಲ. ಮೊದಲು ಕರ್ವ್ ತೆಗೆದು ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಹಾಕಿ. ಒಂದೇ ಒಂದು ಎರರ್ ಬಂದರೂ 3600 ಬಿಟ್ಟು 3200ಕ್ಕೆ ಇಳಿಸಿ. ಎಫ್‌ಕ್ಲಾಕ್ (ಪ್ರೊಸೆಸರ್ ಒಳಗಿನ ಸಂಪರ್ಕದ ವೇಗ) ರ‍್ಯಾಮ್‌ನ ಅರ್ಧ ಇರಲಿ, 3600ಕ್ಕೆ 1800. ಎಸ್‌ಒಸಿ ವೋಲ್ಟೇಜ್ (ರ‍್ಯಾಮ್ ಕಂಟ್ರೋಲರ್‌ಗೆ ಹೋಗೋದು) 1.1 ವೋಲ್ಟ್ ಸಾಕು, ಏರಿಸಬೇಡಿ. ಬಯಾಸ್ ಅಪ್‌ಡೇಟ್ ಮಾಡೋದಾದ್ರೆ ಯುಪಿಎಸ್ ಇದ್ದಾಗಲೇ ಮಾಡಿ, ನಮ್ಮ ಕಡೆ ಕರೆಂಟ್ ನಂಬೋ ಹಾಗಿಲ್ಲ.

ರಾಯಚೂರು ಬಿಸಿಲು:
ಎರರ್ 18 ಸಿಕ್ತು, ಐಡಿ 4. ಇವತ್ತು ರಾತ್ರಿ ಮೆಮ್‌ಟೆಸ್ಟ್ ಹಾಕ್ತೀನಿ, ಆಮೇಲೆ ಆ ಕೋರ್ ಕಡೆ.