ಬಿಎಂಸಿ ಪಾಸ್‌ವರ್ಡ್ ಬದಲಿಸಿದ್ದೇನೆ, ಇಷ್ಟು ಸಾಕೇ?

ಲ್ಯಾಬ್ ಮೇಷ್ಟ್ರು:
ಕಾಲೇಜಿನ ಸರ್ವರ್ ಕೊಠಡಿಯ ಹೊಣೆ ಈ ವರ್ಷ ನನ್ನ ಹೆಗಲಿಗೆ ಬಂದಿದೆ. ಒಂದು ಡೆಲ್, ಎರಡು ಸೂಪರ್‌ಮೈಕ್ರೊ, ಮೂರೂ ಹಳೆಯವು. ಮೂರರಲ್ಲೂ ಬಿಎಂಸಿ ಇದೆ, ಅಂದರೆ ಸರ್ವರ್ ನಿಂತಿದ್ದರೂ ದೂರದಿಂದ ಅದನ್ನು ನಿಯಂತ್ರಿಸಲು ಬಿಡುವ ಪುಟ್ಟ ಒಳಕಂಪ್ಯೂಟರ್. ಡೆಲ್‌ನ ಬಿಎಂಸಿಯಾದ ಐಡ್ರ್ಯಾಕ್‌ನಲ್ಲಿ ‘ರೂಟ್’, ‘ಕ್ಯಾಲ್ವಿನ್’ ಎಂಬ ಕಾರ್ಖಾನೆಯ ಹೆಸರು-ಪಾಸ್‌ವರ್ಡ್ ಜೋಡಿಯೇ ಇತ್ತು. 16 ಅಕ್ಷರಗಳ ಪಾಸ್‌ವರ್ಡ್ ಇಟ್ಟೆ. ಸೂಪರ್‌ಮೈಕ್ರೊಗಳ ನಿರ್ವಹಣಾ ಪೋರ್ಟ್‌ಗೆ ಕೇಬಲ್ಲೇ ಇಲ್ಲ, ಹಾಗಾಗಿ ಅವುಗಳ ಗೊಡವೆಗೆ ಹೋಗಿಲ್ಲ. ಇನ್ನೇನಾದರೂ ಬೇಕೇ? ಸೀರಿಯಲ್ ಕನ್ಸೋಲ್ (ಸೀರಿಯಲ್ ಪೋರ್ಟ್ ಮೂಲಕ ಪಠ್ಯರೂಪದಲ್ಲಿ ಸರ್ವರ್‌ನೊಳಗೆ ಹೋಗುವ ದಾರಿ) ಕೂಡ ಚಾಲನೆಯಲ್ಲಿದೆ.

ರಾತ್ರಿಪಾಳಿ:
ಆ ಕೇಬಲ್ ಇಲ್ಲದ ಪೋರ್ಟ್‌ನಿಂದಲೇ ಶುರು ಮಾಡಿ. ಸೂಪರ್‌ಮೈಕ್ರೊದ ಅನೇಕ ಬೋರ್ಡ್‌ಗಳಲ್ಲಿ ಬಿಎಂಸಿಯ ಜಾಲ ವ್ಯವಸ್ಥೆ ‘ಫೇಲ್‌ಓವರ್’ ಸ್ಥಿತಿಯಲ್ಲಿ ಬರುತ್ತದೆ. ತನ್ನದೇ ಪೋರ್ಟ್‌ನಲ್ಲಿ ಕೇಬಲ್ ಕಾಣದಿದ್ದರೆ ಬಿಎಂಸಿ ಸುಮ್ಮನಿರುವುದಿಲ್ಲ; ಸರ್ವರ್‌ನ ಮೊದಲನೆಯ ಲ್ಯಾನ್ ಪೋರ್ಟ್ ಮೂಲಕವೇ ಹೊರಬಂದು ಜಾಲದ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಕೇಳುತ್ತದೆ. 2020ಕ್ಕೆ ಮುಂಚಿನ ಬೋರ್ಡ್ ಆಗಿದ್ದು ಯಾರೂ ಮುಟ್ಟದೇ ಇದ್ದರೆ ಅದರ ಹೆಸರೂ ಪಾಸ್‌ವರ್ಡೂ ದೊಡ್ಡಕ್ಷರದ ‘ಅಡ್ಮಿನ್’. ಸರ್ವರ್‌ನಲ್ಲಿ ರೂಟ್ (ಪೂರ್ಣಾಧಿಕಾರದ ಬಳಕೆದಾರ) ಆಗಿ, ಬಿಎಂಸಿಯೊಡನೆ ಮಾತನಾಡುವ ಐಪಿಎಂಐಟೂಲ್ ತಂತ್ರಾಂಶದ ‘ಲ್ಯಾನ್ ಪ್ರಿಂಟ್ 1’ ಕೊಟ್ಟು ನೋಡಿ. ಆ ಆದೇಶಕ್ಕೆ ಬಿಎಂಸಿಯ ಪಾಸ್‌ವರ್ಡ್ ಬೇಡ ಎಂಬುದನ್ನೂ ಗಮನಿಸಿ: ಸರ್ವರ್‌ನ ರೂಟ್ ಯಾರ ಕೈಗೆ ಸಿಕ್ಕಿತೋ ಅವರು ಬಿಎಂಸಿಯಲ್ಲಿ ಹೊಸ ಬಳಕೆದಾರನನ್ನೇ ಸೃಷ್ಟಿಸಬಹುದು. ಆಮೇಲೆ ನೀವು ಲಿನಕ್ಸ್ ಅಳಿಸಿ ಮತ್ತೆ ಹಾಕಿದರೂ ಆ ಬಳಕೆದಾರ ಅಲ್ಲೇ ಇರುತ್ತಾನೆ.

ಇನ್ನು ನಿಮ್ಮ 16 ಅಕ್ಷರ. ಬಿಎಂಸಿಯೊಡನೆ ಮಾತನಾಡುವ ಮಾನದಂಡವಾದ ಐಪಿಎಂಐ 2.0, 2004ರ ಕೂಸು. ಅದರ ಲಾಗಿನ್ ವಿಧಾನದಲ್ಲಿ, ಕೇಳಿದವನು ಯಾರೆಂದು ಖಚಿತವಾಗುವ ಮೊದಲೇ, ಆ ಬಳಕೆದಾರನ ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಹ್ಯಾಶ್ ಅನ್ನು (ಊಹೆಗಳನ್ನು ತಾಳೆ ನೋಡಬಹುದಾದ ಗುರುತನ್ನು) ಬಿಎಂಸಿಯೇ ಕಳುಹಿಸಿಬಿಡುತ್ತದೆ. ಬಳಕೆದಾರನ ಹೆಸರು ಗೊತ್ತಿದ್ದರೆ ಸಾಕು. ಹ್ಯಾಶ್ ಒಯ್ದು ಮನೆಯಲ್ಲಿ ಕುಳಿತು ಒಡೆಯಬಹುದು. 2013ರಲ್ಲಿ ಇದಕ್ಕೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ ಸಂಖ್ಯೆ ಬಂತು, ಪರಿಹಾರ ಬರಲಿಲ್ಲ. ದೋಷ ಇರುವುದು ಮಾನದಂಡದಲ್ಲೇ. ಪೂರ್ತಿ ಯಾದೃಚ್ಛಿಕವಾದ 20 ಅಕ್ಷರಗಳಿಗೆ (ಅದೇ ಗರಿಷ್ಠ ಮಿತಿ) ಭಯವಿಲ್ಲ. ಕಾಲೇಜಿನ ಹೆಸರು, ಇಸವಿ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಎಂಬ ಬಗೆಯದಾದರೆ ಉಳಿಯದು. ಈ ಲೆಕ್ಕಕ್ಕಾಗಿ ಬಿಎಂಸಿ ಪಾಸ್‌ವರ್ಡನ್ನು ಮರಳಿ ಪಡೆಯಬಹುದಾದ ರೂಪದಲ್ಲೇ ಇಟ್ಟುಕೊಂಡಿರುತ್ತದೆ, ಆದ್ದರಿಂದ ಮೂರಕ್ಕೂ ಒಂದೇ ಪಾಸ್‌ವರ್ಡ್ ಬೇಡ.

ನನ್ನ ಮಟ್ಟಿಗೆ ಪಾಸ್‌ವರ್ಡ್ ಎರಡನೆಯ ಮಾತು. ಎಚ್‌ಪಿ ಸರ್ವರ್‌ಗಳ ಬಿಎಂಸಿಯಾದ ಐಎಲ್‌ಒ 4ರಲ್ಲಿ 2017ರ ದೋಷವೊಂದಿತ್ತು: ವೆಬ್ ಕೋರಿಕೆಯ ಒಂದು ಹೆಡರ್‌ನಲ್ಲಿ 29 ಬಾರಿ ‘ಎ’ ಬರೆದರೆ ಬಾಗಿಲು ತೆರೆಯುತ್ತಿತ್ತು. ಪಾಸ್‌ವರ್ಡ್ ಎಷ್ಟು ಉದ್ದವಿದ್ದರೇನು? ಬಿಎಂಸಿಗಳನ್ನು ಪ್ರತ್ಯೇಕ ವಿಎಲ್ಯಾನ್‌ಗೆ (ಅದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲಕ್ಕೆ) ಹಾಕಿ, ಅಲ್ಲಿಗೆ ಒಂದೇ ಒಂದು ಯಂತ್ರದಿಂದ ಎಸ್‌ಎಸ್‌ಎಚ್ (ಗೂಢಲಿಪಿಯ ದೂರ-ಲಾಗಿನ್) ಮೂಲಕ ಹೋಗುವಂತೆ ಮಾಡಿ, ಬಿಎಂಸಿಯಿಂದ ಅಂತರ್ಜಾಲಕ್ಕೆ ದಾರಿಯನ್ನೇ ಕೊಡಬೇಡಿ. ಲ್ಯಾನ್ ಮೇಲಿನ ಐಪಿಎಂಐ, ಅಂದರೆ ಜಾಲದಲ್ಲಿ ಅದು ಬಳಸುವ ಯುಡಿಪಿ 623 ಸಂಖ್ಯೆಯ ಪೋರ್ಟ್, ಬೇಡವಾದರೆ ಮುಚ್ಚಿಬಿಡಿ.

ತಾಮ್ರದ ತಂತಿ:
ಮೇಲಿನದ್ದಕ್ಕೆ ಒಂದು ತಕರಾರು. ಆ ‘ಒಂದೇ ಒಂದು ಯಂತ್ರ’ ನಿಮ್ಮ ಇದೇ ಸರ್ವರ್‌ಗಳ ಮೇಲೆ ಓಡುವ ವರ್ಚುವಲ್ ಯಂತ್ರವಾಗಿದ್ದರೆ, ಸರ್ವರ್ ಬಿದ್ದ ದಿನ ಬಿಎಂಸಿಯೂ ಕೈಗೆ ಸಿಗುವುದಿಲ್ಲ. ವಿಪಿಎನ್‌ಗೂ ಇದೇ ಮಾತು. ಮೂಲೆಯಲ್ಲಿ ಬಿದ್ದಿರುವ ಹಳೆಯ ಡೆಸ್ಕ್‌ಟಾಪ್ ಒಂದನ್ನು ಯುಪಿಎಸ್ ಸಹಿತ ಇದಕ್ಕೆಂದೇ ಮೀಸಲಿಡಿ.

ಸೀರಿಯಲ್ ಕನ್ಸೋಲ್ ಬಗ್ಗೆ ಯಾರೂ ಹೇಳಲಿಲ್ಲ. ಎಸ್‌ಎಸ್‌ಎಚ್ ಕಡಿದರೆ ಶೆಲ್ (ಆದೇಶ ಕೊಡುವ ಅಧಿವೇಶನ) ಸಾಯುತ್ತದೆ. ಸೀರಿಯಲ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ರೂಟ್ ಆಗಿ ಒಳಬಂದವರು ಲಾಗೌಟ್ ಮಾಡದೆ ಕಿಟಕಿ ಮುಚ್ಚಿದರೆ ಮುಂದಿನವರಿಗೆ ಅದೇ ರೂಟ್ ಶೆಲ್ ಸಿಗುತ್ತದೆ. ಬ್ಯಾಶ್ ಶೆಲ್‌ನಲ್ಲಿ, ಸುಮ್ಮನಿದ್ದರೆ ತಾನೇ ಲಾಗೌಟ್ ಮಾಡಿಸುವ ‘ಟಿಎಂಔಟ್’ ಅನ್ನು 300 ಸೆಕೆಂಡಿಗೆ ಇಡಿ. ಲಿನಕ್ಸ್ ಅನ್ನು ಬೂಟ್ ಮಾಡಿಸುವ ಗ್ರಬ್‌ಗೂ ಪಾಸ್‌ವರ್ಡ್ ಹಾಕಿ, ಇಲ್ಲದಿದ್ದರೆ ಬೂಟ್ ಸಾಲು ತಿದ್ದಿ ನೇರವಾಗಿ ರೂಟ್ ಆಗಬಹುದು.

ಲ್ಯಾಬ್ ಮೇಷ್ಟ್ರು:
‘ಲ್ಯಾನ್ ಪ್ರಿಂಟ್’ ಕೊಟ್ಟೆ. ಎರಡಕ್ಕೂ ವಿದ್ಯಾರ್ಥಿಗಳ ಲ್ಯಾಬ್ ಜಾಲದ ವಿಳಾಸ ಇದೆ! ಈಗಲೇ ‘ಫೇಲ್‌ಓವರ್’ ಬಿಟ್ಟು, ತನ್ನದೇ ಪೋರ್ಟ್ ಮಾತ್ರ ಬಳಸುವ ‘ಡೆಡಿಕೇಟೆಡ್’ಗೆ ಬದಲಿಸುತ್ತೇನೆ. ಆದರೆ 623 ಮುಚ್ಚಿದರೆ ತಾಪಮಾನ ಮತ್ತು ಫ್ಯಾನ್‌ಗಳ ನಿಗಾ ತಪ್ಪುವುದಿಲ್ಲವೇ?

ರಾತ್ರಿಪಾಳಿ:
ತಪ್ಪುವುದಿಲ್ಲ. ಐಪಿಎಂಐಟೂಲ್ ಅನ್ನು ಸರ್ವರ್‌ನ ಒಳಗಿನಿಂದಲೇ ಓಡಿಸಿದರೆ ಅದು ಕರ್ನಲ್ ಚಾಲಕದ ಮೂಲಕ ಬಿಎಂಸಿಯೊಡನೆ ಮಾತನಾಡುತ್ತದೆ, ಜಾಲದ ಹಂಗಿಲ್ಲ. ‘ಡೆಡಿಕೇಟೆಡ್’ಗೆ ಬದಲಿಸುವ ಮೊದಲು ಬಳಕೆದಾರರ ಪಟ್ಟಿಯನ್ನೂ ತೆಗೆದು ನೋಡಿ, ನಿಮಗೆ ಪರಿಚಯವಿಲ್ಲದ ಹೆಸರು ಇದ್ದರೆ ಇಲ್ಲಿ ಬರೆಯಿರಿ, ಆಗ ಬಿಎಂಸಿಯ ಒಳತಂತ್ರಾಂಶವಾದ ಫರ್ಮ್‌ವೇರ್ ಅನ್ನೇ ಮತ್ತೆ ಹಾಕುವ ಮಾತು ಬರುತ್ತದೆ.