ಸಹಾಯ ಬೇಕು: ಓಡ್ತಾ ಓಡ್ತಾನೇ ಮೀಟರ್ ಆಫ್ ಆಗ್ತಿದೆ

ಎಲ್ರಿಗೂ ನಮಸ್ಕಾರ, ನಾನು ಚಿಕ್ಕಬಳ್ಳಾಪುರದವನು. ಸೆಕೆಂಡ್ ಹ್ಯಾಂಡ್ ತಗೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರಿದೆ, ತುಂಬಾ ಆಸೆಪಟ್ಟು ತಗೊಂಡಿದ್ದು. ಎರಡು ತಿಂಗಳಿಂದ ಕರೆಂಟ್ ಕಾಟ. ಚೆನ್ನಾಗೇ ಓಡ್ತಿರತ್ತೆ, ಯಾವ್ದಾದ್ರೂ ಹಂಪ್ ಹತ್ತಿ ಇಳಿದ ತಕ್ಷಣ ಮೀಟರ್ ಮುಳ್ಳುಗಳೆಲ್ಲ ಒಟ್ಟಿಗೆ ಸೊನ್ನೆಗೆ ಬಿದ್ದು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋ ವ್ಯವಸ್ಥೆ) ಲೈಟ್ ಹತ್ತಿ, ಐದಾರು ಸೆಕೆಂಡಲ್ಲಿ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಸರಿ ಹೋಗತ್ತೆ. ಗ್ಯಾರೇಜಿಗೆ ತಗೊಂಡೋದ್ರೆ ಒಂದ್ಸಲಾನೂ ಆಗಲ್ಲ. ಹೋದ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ತಿರುವಲ್ಲಿ, ಆ ಮಂಜಲ್ಲಿ, ಹೆಡ್‌ಲೈಟೇ ಹೋಯ್ತು. ಪಕ್ಕದಲ್ಲಿ ತಂಗಿ ಕೂತಿದ್ಲು, ನನಗೆ ಕೈಕಾಲು ತಣ್ಣಗಾಯ್ತು.

ಬ್ಯಾಟರಿ ಹೊಸದು. ಆಫ್ ಇದ್ದಾಗ 12.6 ವೋಲ್ಟ್, ಇಂಜಿನ್ ಓಡುವಾಗ 14.1, ಹಾಗಾಗಿ ಚಾರ್ಜಿಂಗ್ ಸರಿ ಇದೆ. ಸ್ಕ್ಯಾನರ್ ಹಾಕಿದ್ರೆ ಒಂದಕ್ಕೊಂದು ಸಂಬಂಧವೇ ಇಲ್ದಿರೋ ಏಳೆಂಟು ಫಾಲ್ಟ್ ಕೋಡ್ ಒಟ್ಟಿಗೆ ಬರತ್ತೆ, ಅಷ್ಟೂ ಸೆನ್ಸರ್ ಒಂದೇ ದಿನ ಕೆಡಲ್ಲ ಅಲ್ವಾ, ಎಲ್ಲಕ್ಕೂ ಸೇರಿದ ಅರ್ಥ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ) ಇಲ್ಲಾ ಪವರ್ ಲೈನ್ ಎಲ್ಲೋ ಲೂಸ್ ಇರ್ಬೇಕು ಅಂತ ನನ್ನ ಅನುಮಾನ. ನಿನ್ನೆ ಬ್ಯಾಟರಿ ಟ್ರೇ ಕೆಳಗಿನ ಅರ್ಥ್ ಬೋಲ್ಟ್ ಬಿಚ್ಚಿದೆ, ಸುತ್ತ ಹಸಿರು ಕಿಲುಬು, ತಾಮ್ರದ ಎಳೆ ಬೆರಳಲ್ಲೇ ಪುಡಿಪುಡಿ ಆಯ್ತು. ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಲಗ್ (ವೈರ್ ತುದಿಗೆ ಹಾಕೋ ಲೋಹದ ಬಳೆ) ಹಾಕಿದ್ಮೇಲೆ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ.

ನಮ್ಮೂರು, ದೊಡ್ಡಬಳ್ಳಾಪುರ, ಕೋಲಾರ ಕಡೆ ಲೋಡ್ ಹಾಕಿ ವೋಲ್ಟೇಜ್ ಡ್ರಾಪ್ (ಎಲ್ಲಿ ವೋಲ್ಟೇಜ್ ಕಮ್ಮಿ ಆಗತ್ತೆ ಅಂತ) ನೋಡಿ, ಹಾರ್ನೆಸ್ (ವೈರ್‌ಗಳ ಕಟ್ಟು) ಅಲ್ಲಾಡಿಸಿ ತಾಳ್ಮೆಯಿಂದ ಹುಡುಕೋ ಆಟೋ ಎಲೆಕ್ಟ್ರಿಷಿಯನ್ ಯಾರಾದ್ರೂ ಗೊತ್ತಿದ್ರೆ ಹೇಳಿ ಅಣ್ಣಂದ್ರೇ. ನೋಡದೇನೇ ಇಸಿಯು (ಇಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್) ಬದಲಾಯಿಸು ಅನ್ನೋರು ಈಗಾಗ್ಲೇ ಇಬ್ಬರು ಸಿಕ್ಕಿದಾರೆ. ಇಗ್ನಿಷನ್ ಸ್ವಿಚ್ಚು, ಫ್ಯೂಸ್ ಬಾಕ್ಸು, ಮೊದಲು ಯಾವ್ದು ನೋಡ್ಲಿ? ಅಲ್ಲಿವರೆಗೂ ರಾತ್ರಿ ಹೊತ್ತು ಗಾಡಿ ಆಚೆ ತೆಗೀತಿಲ್ಲ.