ಸಿಮ್ಯುಲೇಶನ್‌ಗೆ ‘ಅಣಕು’ ಸಾಕೆ? ಸುಶ್ರುತನ ‘ಯೋಗ್ಯಾ’ ನಡೆದೀತೆ?

ಎಲ್ಲರಿಗೂ ನಮಸ್ಕಾರ.

ಕೀಹೋಲ್ ಸರ್ಜರಿ (ಸಣ್ಣ ತೂತುಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಕಲಿಯುವವರ ಕೈ ಎಷ್ಟು ಪಳಗಿದೆ ಎಂಬುದನ್ನು, ಅವರು ರೋಗಿಯನ್ನು ಮುಟ್ಟುವ ಮೊದಲೇ ಅಳೆಯುವ ಪರೀಕ್ಷೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಿಜವಾದ ದೇಹದ ಬದಲು ಅದರಂಥದ್ದರ ಮೇಲೆ ಕೈ ಪಳಗಿಸುವ ‘ಸಿಮ್ಯುಲೇಶನ್’ಗೆ ಕನ್ನಡ ಪದ ಹುಡುಕುವಲ್ಲಿ ಗಾಡಿ ನಿಂತಿದೆ.

ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಹೊಟ್ಟೆಯ ಕೀಹೋಲ್ ಸರ್ಜರಿಗೆ ಇರುವ ‘ಫಂಡಮೆಂಟಲ್ಸ್ ಆಫ್ ಲ್ಯಾಪರೋಸ್ಕೋಪಿಕ್ ಸರ್ಜರಿ’ ಎಂಬ ಪರೀಕ್ಷೆಯ ಬೇರು ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದಲ್ಲಿದೆ. ಅಮೆರಿಕದ ಸರ್ಜರಿ ಬೋರ್ಡು ತನ್ನ ಮಾನ್ಯತೆಗೆ ಇದನ್ನು ಕಡ್ಡಾಯ ಮಾಡಿತು. ಒಂದು ಪೆಟ್ಟಿಗೆ, ಒಳಗೆ ಕ್ಯಾಮೆರಾ, ಮೇಲಿನ ತೂತುಗಳಿಂದ ಇಳಿಬಿಟ್ಟ ಉದ್ದನೆಯ ಇಕ್ಕಳಗಳು. ಪರದೆ ನೋಡುತ್ತ ಆರು ತುಂಡುಗಳನ್ನು ಒಂದು ಬದಿಯ ಗೂಟಗಳಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದು ಇಕ್ಕಳಕ್ಕೆ ದಾಟಿಸಿ, ಆಚೆ ಬದಿಯ ಗೂಟಗಳಿಗೆ ಹಾಕಬೇಕು, ಹಾಗೇ ವಾಪಸು ತರಬೇಕು. ಗಡುವು 300 ಸೆಕೆಂಡು. ಮತ್ತೊಂದರಲ್ಲಿ ಗಾಜ್ ಬಟ್ಟೆಯ ಮೇಲಿನ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸಬೇಕು. ಗಂಟು ಹಾಕುವುದೂ ಉಂಟು. ಕೇಳಲು ಮಕ್ಕಳಾಟ. ಆದರೆ ತೂತಿನ ಅಂಚೇ ಆನಿಕೆಯಾಗುವುದರಿಂದ ಇಕ್ಕಳ ಏತದಂತೆ ಆಡುತ್ತದೆ: ಕೈ ಕೆಳಗಿಳಿದರೆ ತುದಿ ಮೇಲೆ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ.

ಈಗ ಪದ. ‘ಅಣಕು’ ಪತ್ರಿಕೆಗಳಲ್ಲಿ ನೆಲೆಯೂರಿದೆ. ಆದರೂ ‘ಅಣಕು ಶಸ್ತ್ರಚಿಕಿತ್ಸೆ’ ಎಂದಾಗ ಯಾರೋ ಸರ್ಜನ್ನರನ್ನು ಗೇಲಿ ಮಾಡಿದ ಹಾಗೆ ನನ್ನ ಕಿವಿಗೆ ಬೀಳುತ್ತದೆ. ಅಲ್ಲದೆ ಅಣಕು ಮತದಾನದಲ್ಲಿ ಬಿದ್ದ ಮತ ಎಣಿಕೆಗೆ ಸೇರುವುದಿಲ್ಲ. ಇಲ್ಲಿ ಒಂದೊಂದು ಸೆಕೆಂಡೂ ಲೆಕ್ಕಕ್ಕಿದೆ. ‘ಅನುಕರಣೆ’ಗೆ ನಕಲಿನ ವಾಸನೆ. ‘ತಾಲೀಮು’ ನನಗೆ ಇಷ್ಟ, ಆದರೆ ಇದು ನಿಜವಾದ ಹೊಟ್ಟೆಯಲ್ಲ ಎಂಬ ಅಂಶ ಅದರಲ್ಲಿಲ್ಲ.

ಹುಡುಕುತ್ತ ಸುಶ್ರುತಸಂಹಿತೆಗೆ ಹೋದೆ. ಸೂತ್ರಸ್ಥಾನದ 9ನೆಯ ಅಧ್ಯಾಯದ ಹೆಸರೇ ‘ಯೋಗ್ಯಾಸೂತ್ರೀಯ’. ಯೋಗ್ಯಾ ಎಂದರೆ ಕೈ ಪಳಗಿಸುವ ಅಭ್ಯಾಸ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ರಕ್ತನಾಳ ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ, ಹೊಲಿಗೆಯನ್ನು ದಪ್ಪ ಬಟ್ಟೆಯ ಅಂಚಿನಲ್ಲಿ, ಪಟ್ಟಿ ಕಟ್ಟುವುದನ್ನು ಗೊಂಬೆಯ ಅಂಗಾಂಗಗಳ ಮೇಲೆ ಕಲಿಯಬೇಕು. ಎಷ್ಟೇ ಓದಿದ್ದರೂ ಯೋಗ್ಯಾ ಮಾಡದವನು ಕೆಲಸಕ್ಕೆ ಅಯೋಗ್ಯ ಎನ್ನುತ್ತದೆ ಮೂಲ. ಶ್ಲೇಷೆ ಅಲ್ಲಿಯದೇ, ನನ್ನದಲ್ಲ. ಅಭ್ಯಾಸವೂ ಅರ್ಹತೆಯೂ ಒಂದೇ ಬುಡದಿಂದ ಬಂದ ಮೇಲೆ ಇನ್ನೇನು ಬೇಕು ಅನ್ನಿಸಿತ್ತು.

ತೊಡಕು ಏನೆಂದರೆ, ಕರಡು ತಿದ್ದುವವರು ಆ ದೀರ್ಘವನ್ನು ಉಳಿಸುವುದು ಅನುಮಾನ. ‘ಯೋಗ್ಯಾ ಪರೀಕ್ಷೆ’ ‘ಯೋಗ್ಯತಾ ಪರೀಕ್ಷೆ’ಯಾಗುತ್ತದೆ. ಕನ್ನಡದಲ್ಲಿ ‘ನಿನ್ನ ಯೋಗ್ಯತೆಗೆ’ ಎಂದರೆ ಏನೆಂದು ನಿಮಗೆ ಗೊತ್ತು.

ಹಾಗಾಗಿ ಸದ್ಯಕ್ಕೆ ಅಭ್ಯಾಸದ ಕೋಣೆಗೆ ‘ಗರಡಿ’, ಉಪಕರಣಕ್ಕೆ ‘ತಾಲೀಮು ಪೆಟ್ಟಿಗೆ’ ಎಂದು ಬರೆದಿದ್ದೇನೆ. ‘ಇಂಥವರ ಗರಡಿಯಲ್ಲಿ ಪಳಗಿದವರು’ ಎಂದು ಹೇಗೂ ಹೇಳುತ್ತೇವಲ್ಲ. ತೀರಾ ಕುಸ್ತಿಯಾಯಿತೆ?

ಇನ್ನೊಂದು ಪ್ರಶ್ನೆ ‘ಕೀಹೋಲ್ ಸರ್ಜರಿ’ಗೆ ಕನ್ನಡ ಪದದ ಬಗ್ಗೆ. ‘ಉದರದರ್ಶಕ’ ಹೊಟ್ಟೆಗೆ ಸರಿ, ಮಂಡಿಗೆ ಏನು ಮಾಡೋಣ? ಹಿಂದಿ, ಮರಾಠಿಯವರ ಹಾಗೆ ಬೀದರ, ಬೆಳಗಾವಿ ಕಡೆ ಕನ್ನಡದಲ್ಲೂ ‘ದುರ್ಬೀನ್ (ದೂರದರ್ಶಕ) ಆಪರೇಷನ್’ ಅನ್ನುತ್ತಾರೆಯೆ? ಆ ಕಡೆಯವರು ತಿಳಿಸಿ.